ಸೋರಿದ್ದು ಎಲ್ಲಿಗೆ ಹೋಯಿತು?

ಕರಾವಳಿಯ ಶಾಲೆಯೊಂದಕ್ಕೆ ನಾನು ಹೊಸದಾಗಿ ಸೇರಿದ್ದ ಕಾಲ. ಒಂದು ದಿನ ಹಲಗೆಯ ಮೇಲೆ ಸಮುದ್ರದ ಆಹಾರ ಸರಪಳಿ ಬರೆದೆ. ಕಣ್ಣಿಗೆ ಕಾಣದ ಸಸ್ಯಪ್ಲವಕ, ಅದನ್ನು ತಿನ್ನುವ ಬೂತಾಯಿ, ಬೂತಾಯಿಯನ್ನು ತಿನ್ನುವ ಅಂಜಲ್. ಮೀನುಗಾರರ ಮನೆಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಟೀಚರ್, ಎಲ್ಲ ಬೂತಾಯಿ ಹೊಟ್ಟೆಗೇ ಹೋಗ್ತದಾ? ನೀರಿಗೆ ಏನೂ ಸೋರುದಿಲ್ವಾ?"

"ಪುಸ್ತಕದಲ್ಲಿ ಇದ್ದಷ್ಟು ಬರಿ," ಎಂದು ಕೂರಿಸಿದೆ.

ಆ ಪ್ರಶ್ನೆಯ ಮೇಲೆ ವಿಜ್ಞಾನಿಗಳು ದಶಕಗಳ ಕಾಲ ಜಗಳವಾಡಿದ್ದಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. 1907ರ ಸುಮಾರಿಗೆ ಜರ್ಮನಿಯ ಆಗಸ್ಟ್ ಪ್ಯೂಟರ್, ಪಾಚಿಗಳು ಸಾವಯವ ವಸ್ತುವನ್ನು ನೀರಿಗೆ ಬಿಡುತ್ತವೆ, ಕಡಲಿನ ಪ್ರಾಣಿಗಳು ಅದನ್ನು ಹೀರಿ ಬದುಕುತ್ತವೆ ಎಂದರು. ನೊಬೆಲ್ ಪಡೆದಿದ್ದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1930ರ ದಶಕದಲ್ಲಿ ಅದನ್ನು ಒಪ್ಪಲಿಲ್ಲ. ಪ್ರಾಣಿಗಳ ವಿಚಾರದಲ್ಲಿ ಕ್ರೋಗ್ ಹೇಳಿದ್ದೇ ಹೆಚ್ಚು ಸರಿ. ಆದರೆ ಸೋರಿಕೆಯ ಮಾತೂ ಅದರ ಜೊತೆಗೆ ಮೂಲೆ ಸೇರಿತು.

1952ರಲ್ಲಿ ಸ್ಟೀಮನ್ ನೀಲ್ಸನ್ ವಿಕಿರಣಶೀಲ ಇಂಗಾಲದಿಂದ ಪ್ಲವಕದ ಉತ್ಪಾದನೆ ಅಳೆಯುವ ವಿಧಾನ ಕೊಟ್ಟರು. ಸೀಸೆಯ ನೀರನ್ನು ಬಿಸಿಲಿಗಿಟ್ಟು ಸೋಸಿ, ಸೋಸುಹಾಳೆಯ ಮೇಲೆ ಉಳಿದದ್ದನ್ನು ಎಣಿಸಬೇಕು. ಕೆಳಗಿಳಿದ ನೀರು ಲೆಕ್ಕಕ್ಕಿಲ್ಲ. ಬ್ರಿಟನ್ನಿನ ಫಾಗ್, ಆಮೇಲೆ 1965ರಲ್ಲಿ ಹೆಲ್ಲೆಬುಸ್ಟ್, ಆ ನೀರನ್ನೇ ಪರೀಕ್ಷಿಸಿದರು. ಜೀವಂತ ಕೋಶಗಳು ತಾವು ತಯಾರಿಸಿದ್ದರಲ್ಲಿ ಒಂದು ಪಾಲನ್ನು ಹೊರಬಿಡುತ್ತಿದ್ದವು. 1977ರಲ್ಲಿ ಶಾರ್ಪ್ ತಕರಾರು ತೆಗೆದರು: ಆರೋಗ್ಯವಂತ ಕೋಶ ಹಾಗೆ ಮಾಡೀತೆ? ಸೋಸುವಾಗ ಕೋಶ ಒಡೆದಿರಬಾರದೇಕೆ? ಪ್ರಶ್ನೆ ನ್ಯಾಯವಾದದ್ದೇ. ಅದರಿಂದ ಅಳತೆಯಲ್ಲಿ ಎಚ್ಚರ ಹೆಚ್ಚಿತು. ಸೋರಿಕೆ ಮಾತ್ರ ಸುಳ್ಳಾಗಲಿಲ್ಲ.

1983ರಲ್ಲಿ ಫಾರೂಕ್ ಅಜಂ ಮತ್ತು ಸಂಗಡಿಗರು ಅದರ ದಾರಿ ತೋರಿಸಿದರು. ಸೋರಿದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಅವನ್ನು ಏಕಕೋಶ ಜೀವಿಗಳು ತಿನ್ನುತ್ತವೆ. ಹೀಗೆ ಒಂದಂಶ ಮತ್ತೆ ಸರಪಳಿಗೆ ಸೇರುತ್ತದೆ. ಕರಗಲಾರದೆ ಉಳಿಯುವುದಲ್ಲ, ಕರಗಿಯೂ ಕೊಳೆಯದೆ ಸಾವಿರಾರು ವರ್ಷ ಉಳಿಯುವ ಪಾಲೂ ಇದೆ. ಇಂದು ಕಡಲಲ್ಲಿ ಕರಗಿರುವ ಸಾವಯವ ಇಂಗಾಲ ಸುಮಾರು 66,000 ಕೋಟಿ ಟನ್. ಗಾಳಿಯಲ್ಲಿರುವ ಇಂಗಾಲದ ಹೆಚ್ಚುಕಡಿಮೆ ಮುಕ್ಕಾಲು ಪಾಲು.

ಈಗ ಸರಪಳಿ ಬರೆಯುವಾಗ ಸಸ್ಯಪ್ಲವಕದ ಪಕ್ಕಕ್ಕೆ ಇನ್ನೊಂದು ಬಾಣ ಎಳೆಯುತ್ತೇನೆ. ಆ ಹುಡುಗಿ ಆ ವರ್ಷವೆಲ್ಲ ಮತ್ತೆ ಕೈ ಎತ್ತಲಿಲ್ಲ.