ಸೈಕಲ್ ಕಥಿ, ಭಾಗ 2: ಕಾಲು ನೆಲಕ್ಕ ಮುಟ್ಟಿದ ವರ್ಷ

ದೋಸ್ತರೇ, ಸೈಕಲ್ ಅಂಗಡಿಗೆ ಹೋದ್ರ ಮೊದಲು ಬಣ್ಣ ನೋಡ್ತೀವಿ, ಆಮ್ಯಾಲೆ ಗೇರ್ ಎಣಿಸ್ತೀವಿ. ಆದ್ರ ಇತಿಹಾಸ ಹೇಳೂದು ಬ್ಯಾರೆ: ಸೀಟಿನ ಮ್ಯಾಲೆ ಕುಂತಾಗ ಕಾಲು ನೆಲಕ್ಕ ಮುಟ್ಟತಾವೇನು, ಅದನ್ನ ಮೊದಲು ನೋಡ್ರಿ.

👉 1870ರ ದಶಕದ ಸೈಕಲ್‌ಗೆ ಚೈನ್ ಇರಲಿಲ್ಲ. ಪೆಡಲ್ ನೇರವಾಗಿ ಮುಂದಿನ ಗಾಲಿಗೇ ಇತ್ತು. ಒಂದು ಸುತ್ತು ತುಳಿದರೆ ಹೆಚ್ಚು ದೂರ ಹೋಗಬೇಕಂದ್ರ ಗಾಲಿ ದೊಡ್ಡದಾಗಬೇಕು. ಹಿಂಗಾಗಿ ಸವಾರ ಎತ್ತರದಾಗ ಕೂತಿರುತ್ತಿದ್ದ. ದಾರಿಯಲ್ಲಿ ಕಲ್ಲು ಅಡ್ಡ ಬಂದ್ರ ತಲೆಕೆಳಗಾಗಿ ಬೀಳುತ್ತಿದ್ದ. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ತಂದ. ಚೈನ್ ಹಿಂದಿನ ಗಾಲಿಯನ್ನು ತಿರುಗಿಸಿತು, ಗಾಲಿ ಸಣ್ಣದಾಯಿತು, ಕಾಲು ನೆಲಕ್ಕೆ ಬಂತು. ಅದಕ್ಕೇ ಅದರ ಹೆಸರು ‘ಸೇಫ್ಟಿ’ ಸೈಕಲ್. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಮಾಡಿದ. ನಮ್ಮ ಪಂಕ್ಚರ್ ಕಥಿನೂ ಅಲ್ಲಿಂದಲೇ ಶುರು 😄

👉 ನಮ್ಮ ದೇಶದಲ್ಲಿ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೋ 1956ರಲ್ಲಿ ಬಂದವು. ಎತ್ತರದ ಕರಿ ಸೈಕಲ್, ನಡುವೆ ಅಡ್ಡ ಬಾರು. ಕಾಲು ಮುಟ್ಟದ ಹುಡುಗರು ಬಾರಿನ ಕೆಳಗ ಕಾಲು ತೂರಿಸಿ ಕಲಿತರು. ಸೀರೆ, ಲಂಗದವರಿಗೆ ಅದೂ ಕಷ್ಟ. ಬಾರು ಇಲ್ಲದ ಸೈಕಲ್ ಇಂಗ್ಲೆಂಡಿನಲ್ಲಿ 1889ರ ಹೊತ್ತಿಗೇ ಇತ್ತು, ಆದ್ರ ನಮ್ಮ ಹಳ್ಳಿ ಮನಿಯೊಳಗಿದ್ದ ಒಂದೇ ಸೈಕಲ್ ಗಂಡಸರದು.

👉 2006-07ರಲ್ಲಿ ಕರ್ನಾಟಕ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಶುರು ಮಾಡಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಷ್ಟೋ ಮಂದಿ ಊರು ಬಿಟ್ಟು ತ್ವಾಟದ ಮನಿಯಾಗ ಇರ್ತಾರ. ಅಲ್ಲಿಂದ ಹೈಸ್ಕೂಲಿಗೆ ಹೋಗೋ ಹುಡುಗಿಗೆ ಬಾರು ಇಲ್ಲದ, ತನ್ನದೇ ಹೆಸರಿನ ಸೈಕಲ್ ಅಂದ್ರ ಓದು ಮುಂದುವರಿಯೋ ದಾರಿ.

👉 ಅಕ್ಕನ ಅಂಥ ಸೈಕಲ್ ಮನಿ ಹಿಂದ ನಿಂತೈತೇನು? ಹೊಸದು ಕೊಳ್ಳೂ ಮುಂಚೆ ಅದನ್ನ ಹೊರಗ ತಗೀರಿ:
▪️ ಫ್ರೇಮ್ ಬಿರುಕು ಬಿಟ್ಟಿದ್ರ ಬ್ಯಾಡ.
▪️ ಟೈರ್ ಸೀಳಿದ್ರ, ಬ್ರೇಕ್ ರಬ್ಬರ್ ಸವೆದಿದ್ರ ಬದಲಿಸ್ರಿ.
▪️ ಚೈನ್ ಒರೆಸಿ ಎಣ್ಣಿ ಬಿಡ್ರಿ, ಹೆಚ್ಚಾದದ್ದನ್ನ ಒರೆಸ್ರಿ. ರಿಮ್‌ಗೆ ಎಣ್ಣಿ ತಾಗಬಾರದು, ಬ್ರೇಕ್ ಹಿಡಿಯಂಗಿಲ್ಲ.
▪️ ಮಳೆಗಾಲದಾಗ ಎರಿ ಮಣ್ಣು ಮಡ್‌ಗಾರ್ಡ್ ಒಳಗ ಮೆತ್ತಿ ಗಾಲಿನೇ ನಿಲ್ಲಿಸ್ತದ. ಒಣಗೂ ಮುಂಚೆ ತಗೀರಿ.

ಹೊಸದೇ ಬೇಕಂದ್ರ ನಿಮ್ಮೂರ ಅಂಗಡಿಯವರು ರಿಪೇರಿ ಮಾಡೋ ಅಂಥದ್ದು ತಗೋರಿ. ಕೆಟ್ಟು ನಿಂತ ಸೈಕಲ್‌ಗೆ 21 ಗೇರ್ ಇದ್ರೂ ಅದು ಶಾಲಿ ಮುಟ್ಟಿಸಂಗಿಲ್ಲ.

ಮುಂದಿನ ಭಾಗ: ಗೇರ್ ಕಥಿ 🚲
#ಸೈಕಲ್‌ಕಥಿ #ಗೋಕಾಕ #ಮೂಡಲಗಿ #ಹುಕ್ಕೇರಿ