ವಿಷವಲ್ಲ, ಕರುಳಿನ ಹುಣ್ಣು!

ಶಿವಮೊಗ್ಗದಿಂದ ಸಾಗರದ ಕಡೆ ಹೋಗೋ ಹೆದ್ದಾರಿಯಲ್ಲಿ ಆಯನೂರು ದಾಟಿದ್ರೆ ಕುಂಸಿ. ಒಂದು ಕಾಲಕ್ಕೆ ಮ್ಯಾಂಗನೀಸ್ ಗಣಿಯಿಂದ ಹೆಸರಾಗಿದ್ದ ಊರು. ಈ ರಸ್ತೆಯಲ್ಲಿ, ಪಕ್ಕದ ತಾಳಗುಪ್ಪ ರೈಲಿನಲ್ಲಿ, ವರ್ಷಾನುಗಟ್ಟಲೆ ಒಂದು ಬೇರೆ ಥರದ ಪ್ರಯಾಣಿಕರು ಓಡಾಡಿದ್ದಾರೆ. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ದೊಡ್ಡ ಕವರ್, ಪಕ್ಕದಲ್ಲಿ ಬಾಡಿದ ಮುಖದ ಅಪ್ಪನೋ ಅಮ್ಮನೋ. ಆನಂದಪುರದ ಹತ್ತಿರದ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಗುರುವಾರ ಮತ್ತು ಭಾನುವಾರ ಕೊಡ್ತಿದ್ದ ಮರದ ತೊಗಟೆ ಔಷಧಕ್ಕಾಗಿ ದೇಶದ ಮೂಲೆ ಮೂಲೆಯಿಂದ ಜನ ಬಂದು ಸರದಿ ನಿಲ್ತಿದ್ರು. 2020ರಲ್ಲಿ ಅವರು ತೀರಿಕೊಂಡ್ರು.

ಆ ಔಷಧ ವೈಜ್ಞಾನಿಕ ಪ್ರಯೋಗಗಳಲ್ಲಿ ಸಾಬೀತಾದ ಚಿಕಿತ್ಸೆ ಅಲ್ಲ. ಅಷ್ಟನ್ನ ಹೇಳಿ ಮುಂದೆ ಹೋಗ್ತೀನಿ, ಯಾಕಂದ್ರೆ ನಂಬಿಕೊಂಡು ಬಂದವರ ಜೊತೆ ಜಗಳ ಆಡೋದು ಇವತ್ತಿನ ವಿಷಯ ಅಲ್ಲ. ಅದು ಕ್ಯಾನ್ಸರ್ ಬಂದ ಮೇಲಿನ ಸಾಲು. ಆದ್ರೆ ಬರೋದಕ್ಕೆ ವರ್ಷಗಳ ಮೊದಲೇ ಬಾಗಿಲು ತಟ್ಟಿ ನೋಟಿಸ್ ಕೊಡೋ ಒಂದು ಕ್ಯಾನ್ಸರ್ ಇದೆ. ದೀರ್ಘಕಾಲದ ಕರುಳಿನ ಉರಿಯೂತ ಇರೋರಿಗೆ ಬರೋ ದೊಡ್ಡಕರುಳಿನ ಕ್ಯಾನ್ಸರ್. ಆ ನೋಟಿಸನ್ನ ಓದೋದು ಹೇಗೆ ಅಂತ ಕಲಿಯೋಕೆ ವೈದ್ಯಲೋಕಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು. ಈ ಕಥೆ ಶುರುವಾಗೋದು ಒಂದು ಕೊಲೆ ಕೇಸಿನಿಂದ.

1859, ಲಂಡನ್ ಪಕ್ಕದ ರಿಚ್‌ಮಂಡ್. ಇಸಬೆಲ್ಲಾ ಬ್ಯಾಂಕ್ಸ್ ಅನ್ನೋ ನಲವತ್ತು ದಾಟಿದ ಹೆಂಗಸು. ಕೈಯಲ್ಲಿ ಒಂದಿಷ್ಟು ಆಸ್ತಿ ಇತ್ತು. ಥಾಮಸ್ ಸ್ಮೆಥರ್ಸ್ಟ್ ಅನ್ನೋ ಡಾಕ್ಟರ್ ಆಕೆಯನ್ನ ಮದುವೆ ಆಗಿದ್ದ, ಮನೆಯಲ್ಲಿ ಮೊದಲ ಹೆಂಡತಿ ಬದುಕಿರುವಾಗಲೇ! ಕೆಲವೇ ತಿಂಗಳಲ್ಲಿ ಇಸಬೆಲ್ಲಾಗೆ ವಾಂತಿ, ನಿಲ್ಲದ ಭೇದಿ, ರಕ್ತ. ಸಾಯೋಕೆ ಸ್ವಲ್ಪ ಮೊದಲು ಅವನ ಹೆಸರಿಗೆ ಉಯಿಲು. ಮೇ ತಿಂಗಳಲ್ಲಿ ಸಾವು. ಇಷ್ಟು ಸಾಕಲ್ವಾ? ಇವತ್ತಾಗಿದ್ರೆ ನಮ್ಮಂಥ ಚಾನೆಲ್‌ಗಳು ಸಂಜೆಯೊಳಗೆ ಗಲ್ಲು ಶಿಕ್ಷೆ ಕೊಟ್ಟುಬಿಡ್ತಿದ್ವು.

ಕೋರ್ಟೂ ಅದನ್ನೇ ಮಾಡ್ತು. ಆಗಿನ ಕಾಲದ ದೊಡ್ಡ ವಿಷತಜ್ಞ ಆಲ್‌ಫ್ರೆಡ್ ಸ್ವೇನ್ ಟೇಲರ್, ಆರೋಪಿ ಮನೆಯ ಒಂದು ಸೀಸೆಯಲ್ಲಿ ಆರ್ಸೆನಿಕ್ ಸಿಕ್ಕಿದೆ ಅಂದಿದ್ರು. ಆಮೇಲೆ ಗೊತ್ತಾಯ್ತು, ಆ ಆರ್ಸೆನಿಕ್ ಇದ್ದದ್ದು ಸೀಸೆಯಲ್ಲಲ್ಲ, ಟೇಲರ್ ಪರೀಕ್ಷೆಗೆ ಬಳಸಿದ ತಾಮ್ರದಲ್ಲೇ! ಆದ್ರೂ ಜ್ಯೂರಿ ಅಪರಾಧಿ ಅಂತು, ಮರಣದಂಡನೆ ಆಯ್ತು. ವೈದ್ಯರು, ವಕೀಲರು ಗಲಾಟೆ ಎಬ್ಬಿಸಿದ ಮೇಲೆ ಸರ್ಕಾರ ಹಿರಿಯ ಶಸ್ತ್ರವೈದ್ಯ ಬೆಂಜಮಿನ್ ಬ್ರೋಡಿ ಅವರ ಅಭಿಪ್ರಾಯ ಕೇಳಿ ಕ್ಷಮಾದಾನ ಕೊಡ್ತು. ಎರಡನೇ ಮದುವೆ ಆದ ತಪ್ಪಿಗೆ ಮಾತ್ರ ಒಂದು ವರ್ಷ ಜೈಲು.

ನಮಗೆ ಬೇಕಾದ ಮನುಷ್ಯ ಇಲ್ಲಿ ಸ್ಮೆಥರ್ಸ್ಟ್ ಅಲ್ಲ. ಸ್ಯಾಮ್ಯುಯೆಲ್ ವಿಲ್ಕ್ಸ್ ಅನ್ನೋ ವೈದ್ಯ. ಇಸಬೆಲ್ಲಾಳ ಕರುಳನ್ನ ಪರೀಕ್ಷಿಸಿ, ಇಲ್ಲಿರೋದು ತೀವ್ರವಾದ ಉರಿಯೂತ ಮತ್ತು ಹುಣ್ಣು ಅಂತ ಬರೆದವರು. ಅಲ್ಸರೇಟಿವ್ ಕೊಲೈಟಿಸ್ ಅನ್ನೋ ಹೆಸರಿನ ಇತಿಹಾಸ ಬರೆಯೋರು ಈ ವರದಿಯಿಂದಲೇ ಶುರು ಮಾಡ್ತಾರೆ. ತಮಾಷೆ ಅಂದ್ರೆ, ಆಕೆಗಿದ್ದದ್ದು ಪ್ರಾಯಶಃ ಕ್ರೋನ್ಸ್ ಕಾಯಿಲೆ ಅಂತ ಈಗಿನ ತಜ್ಞರ ಅನುಮಾನ. ಆ ಹೆಸರು ಹುಟ್ಟೋಕೆ ಇನ್ನೂ 70 ವರ್ಷಕ್ಕೂ ಹೆಚ್ಚು ಬಾಕಿ ಇತ್ತು.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಮೂವರು ವೈದ್ಯರು, ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್, 14 ರೋಗಿಗಳ ವಿವರ ಪ್ರಕಟಿಸಿದ್ರು. ಅಕ್ಷರಕ್ರಮದಲ್ಲಿ ಮೊದಲು ಬಂದದ್ದಕ್ಕೆ ಕಾಯಿಲೆಗೆ ಕ್ರೋನ್ ಹೆಸರು ಅಂಟಿಕೊಳ್ತು. ಅದೇ ಬರಿಲ್ ಕ್ರೋನ್ ಅದಕ್ಕೂ ಮೊದಲು, 1925ರಲ್ಲಿ, ರೋಸನ್‌ಬರ್ಗ್ ಜೊತೆ ಸೇರಿ ಇನ್ನೊಂದು ವಿಷಯ ದಾಖಲಿಸಿದ್ರು. ಹಳೇ ಕೊಲೈಟಿಸ್ ಇದ್ದ ಕರುಳಿನಲ್ಲಿ ಕ್ಯಾನ್ಸರ್ ಹುಟ್ಟಿದ್ದನ್ನ. ಹುಣ್ಣಿಗೂ ಗಡ್ಡೆಗೂ ಗಂಟು ಹಾಕಿದ ಮೊದಲ ವರದಿ ಅದು.

ಯಾಕೆ ಹೀಗಾಗುತ್ತೆ? ನಮ್ಮ ಕರುಳಿನ ಒಳಪದರ ಗದ್ದೆ ಬದು ಇದ್ದ ಹಾಗೆ. ಒಂದು ಸಲ ಒಡೆದ್ರೆ ಮೆತ್ತಬಹುದು. ಪ್ರತಿ ಮಳೆಗೂ ಒಡೆಯೋದು, ಮತ್ತೆ ಮೆತ್ತೋದು, ಮತ್ತೆ ಒಡೆಯೋದು... ಹತ್ತು ವರ್ಷ ಇದೇ ನಡೆದ್ರೆ ಎಲ್ಲೋ ಒಂದು ಕಡೆ ಮಣ್ಣು ಸರಿಯಾಗಿ ಕೂರಲ್ಲ. ಗಾಯ ಮಾಯಿಸೋಕೆ ಜೀವಕೋಶಗಳು ಹಗಲೂ ರಾತ್ರಿ ವಿಭಜನೆ ಆಗ್ತಾ ಇದ್ರೆ ನಕಲು ಮಾಡೋವಾಗ ತಪ್ಪುಗಳು ಕೂಡಿಕೊಳ್ತವೆ. ಸಾಮಾನ್ಯ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಅಣಬೆ ಥರ ಎದ್ದು ನಿಲ್ಲೋ ಪಾಲಿಪ್‌ನಿಂದ ಬರುತ್ತೆ, ಕಣ್ಣಿಗೆ ಬೀಳುತ್ತೆ. ಕೊಲೈಟಿಸ್‌ನಲ್ಲಿ ಎಷ್ಟೋ ಸಲ ಅದು ಚಪ್ಪಟೆಯಾಗಿ, ಉರಿಯೂತದ ಕೆಂಪಿನಲ್ಲೇ ಅಡಗಿ ಕೂತಿರುತ್ತೆ.

ಹಾಗೆ ಅಡಗಿದ್ದನ್ನ ಮೊದಲೇ ಹಿಡಿಯಬಹುದು ಅಂತ ತೋರಿಸಿದ್ದು 1967ರಲ್ಲಿ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಬೇಸಿಲ್ ಮಾರ್ಸನ್ ಮತ್ತು ಪ್ಯಾಂಗ್, ಗುದನಾಳದಿಂದ ತೆಗೆದ ಚೂರನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು, ಕ್ಯಾನ್ಸರ್‌ಗೆ ಮೊದಲಿನ ಹಂತದ ಬದಲಾವಣೆ ಇಲ್ಲೇ ಕಾಣುತ್ತೆ ಅಂದ್ರು. ಆಗಿನ್ನೂ ಗಟ್ಟಿ ಕೊಳವೆಯಲ್ಲಿ ಇಣುಕಿ ನೋಡೋ ಕಾಲ. ಒಂದೂವರೆ ಮೀಟರ್ ಉದ್ದದ ದೊಡ್ಡಕರುಳಿನಲ್ಲಿ ಕಾಣ್ತಿದ್ದದ್ದು ಕೊನೆಯ ಒಂದು ಗೇಣಿನ ಆಸುಪಾಸು. ಬಾಗೋ ಕೊಲೊನೋಸ್ಕೋಪ್ ಬಂದ ಮೇಲೆ ಪೂರ್ತಿ ಕರುಳು ಸುತ್ತಿ ಬರೋದು ಸಾಧ್ಯ ಆಯ್ತು. ಈಗ ಬಣ್ಣ ಸಿಂಪಡಿಸಿ ಚಪ್ಪಟೆ ಕಲೆಗಳನ್ನೂ ಎದ್ದು ಕಾಣೋ ಹಾಗೆ ಮಾಡ್ತಾರೆ.

ಅಪಾಯ ಎಷ್ಟು? ಹೆದರಿಸೋ ಅಂಕಿ ಹೇಳೋದು ನಮ್ಮ ಕಸುಬಿಗೆ ಸುಲಭ. 2001ರಲ್ಲಿ 116 ಅಧ್ಯಯನಗಳನ್ನ ಒಟ್ಟಿಗೆ ನೋಡಿದ ಒಂದು ಲೆಕ್ಕ, ಅಲ್ಸರೇಟಿವ್ ಕೊಲೈಟಿಸ್ ಇರೋರಲ್ಲಿ 10 ವರ್ಷಕ್ಕೆ ಶೇ. 2, 20 ವರ್ಷಕ್ಕೆ ಶೇ. 8, 30 ವರ್ಷಕ್ಕೆ ಶೇ. 18 ಅಂತ ಹೇಳಿತ್ತು. ನಂತರದ ಅಧ್ಯಯನಗಳಲ್ಲಿ ಇದು ಸಾಕಷ್ಟು ಕಡಿಮೆ ಇದೆ. ಒಳ್ಳೆ ಔಷಧ, ನಿಯಮಿತ ತಪಾಸಣೆ ಅದಕ್ಕೆ ಕಾರಣ ಅಂತಾರೆ. ಉರಿಯೂತ ಗುದನಾಳಕ್ಕೆ ಮಾತ್ರ ಸೀಮಿತ ಆಗಿದ್ರೆ ಅಪಾಯ ಹೆಚ್ಚಲ್ಲ. ಇಡೀ ದೊಡ್ಡಕರುಳಿಗೆ ಹರಡಿದ್ರೆ, ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇದ್ದಿದ್ರೆ, ಪಿತ್ತನಾಳ ಗಟ್ಟಿಯಾಗೋ ಪಿಎಸ್‌ಸಿ ಅನ್ನೋ ಕಾಯಿಲೆ ಜೊತೆಗಿದ್ರೆ ಹೆಚ್ಚು.

ಇದು ಬಿಳಿಯರ ಕಾಯಿಲೆ, ನಮಗಲ್ಲ ಅನ್ನೋ ಮಾತು ನಮ್ಮ ದೇಶದಲ್ಲಿ ಬಹಳ ಕಾಲ ಓಡಾಡ್ತು. ಲೂಧಿಯಾನದ ವೈದ್ಯರು ಪಂಜಾಬಿನಲ್ಲಿ ಮನೆ ಮನೆಗೆ ಹೋಗಿ 51,910 ಜನರನ್ನ ವಿಚಾರಿಸಿದ್ರು. 23 ಜನರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಸಿಕ್ತು. ಲಕ್ಷಕ್ಕೆ 44. 2003ರಲ್ಲಿ ಈ ವರದಿ ಬಂದಾಗ ಆ ಮಾತು ಬಿದ್ದುಹೋಯ್ತು. ಕ್ರೋನ್ಸ್ ಕಥೆ ಇನ್ನೂ ಕಷ್ಟದ್ದು. ಅದು ಕರುಳಿನ ಟಿಬಿ ಥರಾನೇ ಕಾಣುತ್ತೆ, ಹಾಗಾಗಿ ಎಷ್ಟೋ ಜನ ಮೊದಲು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ ಆಮೇಲೆ ನಿಜ ತಿಳಿದುಕೊಳ್ತಾರೆ.

ಈಗ ಕುಂಸಿ ಕಡೆಯ ಒಬ್ಬ ರೈತನನ್ನ ಕಲ್ಪಿಸಿಕೊಳ್ಳಿ. ಮಲದಲ್ಲಿ ರಕ್ತ. ಅಕ್ಕಪಕ್ಕದವರು ಏನಂತಾರೆ? ಮೂಲವ್ಯಾಧಿ. ಇಲ್ಲಾ ಆಮಶಂಕೆ. ಇಲ್ಲಾ ಉಷ್ಣ, ಮಜ್ಜಿಗೆ ಕುಡಿ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಆಪರೇಷನ್ ಇಲ್ಲದೆ ಪೈಲ್ಸ್ ಗುಣ ಅನ್ನೋ ಬೋರ್ಡ್ ಕರೀತಾ ಇರುತ್ತೆ. ರಕ್ತ ನಿಲ್ಲುತ್ತೆ, ಯಾಕಂದ್ರೆ ಈ ಕಾಯಿಲೆ ತಾನಾಗೇ ಏರಿಳಿಯುತ್ತೆ. ಬೋರ್ಡಿನವನಿಗೆ ಕೀರ್ತಿ. ಆರು ತಿಂಗಳಿಗೆ ಮತ್ತೆ ಶುರು. ಒಂದು ವೇಳೆ ಶಿವಮೊಗ್ಗಕ್ಕೆ ಹೋಗಿ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಿ ಕೊಲೈಟಿಸ್ ಅಂತ ಗೊತ್ತಾದ್ರೂ, ರಕ್ತ ನಿಂತ ದಿನ ಮಾತ್ರೆಯೂ ನಿಲ್ಲೋ ಸಾಧ್ಯತೆ ಇರುತ್ತೆ. ಹೆಂಡತಿ ಹತ್ತಿರವೂ ಹೇಳಿಕೊಳ್ಳೋಕೆ ನಾಚಿಕೆ. ಜಪಾನಿನ ಪ್ರಧಾನಿ ಶಿಂಜೊ ಅಬೆ ಹದಿಹರೆಯದಿಂದ ಇದೇ ಅಲ್ಸರೇಟಿವ್ ಕೊಲೈಟಿಸ್ ಇಟ್ಟುಕೊಂಡು ದೇಶ ಆಳಿದ್ರು, 2020ರಲ್ಲಿ ಕ್ಯಾಮೆರಾ ಮುಂದೆ ಇದೇ ಕಾಯಿಲೆ ಹೆಸರು ಹೇಳಿ ರಾಜೀನಾಮೆ ಘೋಷಿಸಿದ್ರು. ನಾವು ಮಾತ್ರ ಲೂಸ್ ಮೋಷನ್ ಅಂದು ಸುಮ್ಮನಾಗ್ತೀವಿ.

ವೈದ್ಯರು ಒಪ್ಪಿಕೊಂಡಿರೋ ಲೆಕ್ಕ ಇಷ್ಟು. ರೋಗಲಕ್ಷಣ ಶುರುವಾಗಿ ಸುಮಾರು 8 ವರ್ಷಕ್ಕೆ ಪೂರ್ತಿ ಕೊಲೊನೋಸ್ಕೋಪಿ. ಆಮೇಲೆ ಅಪಾಯ ನೋಡಿಕೊಂಡು ಪ್ರತಿ ವರ್ಷ, ಮೂರು ವರ್ಷ ಅಥವಾ ಐದು ವರ್ಷಕ್ಕೊಮ್ಮೆ. ಪಿಎಸ್‌ಸಿ ಇದ್ರೆ ಎಂಟು ವರ್ಷ ಕಾಯೋ ಹಾಗಿಲ್ಲ, ಗೊತ್ತಾದ ದಿನದಿಂದಲೇ ವರ್ಷಕ್ಕೊಂದು. ಗಮನಿಸಿ, ಎಣಿಕೆ ಶುರುವಾಗೋದು ಕಾಯಿಲೆಗೆ ಡಾಕ್ಟರ್ ಹೆಸರು ಕೊಟ್ಟ ದಿನದಿಂದ ಅಲ್ಲ, ಮೊದಲ ಸಲ ರಕ್ತ, ಭೇದಿ ಕಾಣಿಸಿಕೊಂಡ ದಿನದಿಂದ. ಆ ದಿನಾಂಕ ಆಸ್ಪತ್ರೆ ಫೈಲಿನಲ್ಲಿ ಇರಲ್ಲ, ರೋಗಿಗೆ ಮಾತ್ರ ಗೊತ್ತು. ಮುಂದಿನ ಸಲ ಓಪಿಡಿ ಚೀಟಿ ಹಿಡಿದು ಒಳಗೆ ಹೋದಾಗ ಅದನ್ನ ಬಾಯಿಬಿಟ್ಟು ಹೇಳಬೇಕಾದವರು ಅವರೇ. 2015ರ ಅಡಿಕೆ ಸುಗ್ಗಿಯಲ್ಲಿ ಮೊದಲ ಸಲ ರಕ್ತ ಕಂಡವರಿಗೆ ಆ ಎಂಟು ವರ್ಷ 2023ಕ್ಕೇ ಮುಗಿದಿದೆ.