ಮೊದಲು ಏಳುವವನು ಯಾರು?



ಭಾನುವಾರ ನಾವು ಬರುವ ಮೊದಲೇ ಯಾರೋ ಒಬ್ಬರು ದೇವಾಲಯದ ಬಾಗಿಲು ತೆಗೆದು, ದೀಪ ಹಾಕಿ, ಮೈಕ್ ಸರಿಮಾಡಿ, ಗಂಟೆ ಬಾರಿಸಿರುತ್ತಾರೆ. ಲಿನಕ್ಸ್ ಕಂಪ್ಯೂಟರಿನಲ್ಲೂ ಇಂಥ ಒಬ್ಬನಿದ್ದಾನೆ. ಅವನ ಹೆಸರು ಇನಿಟ್, ನಂಬರ್ 1. ನೆಟ್‌ವರ್ಕ್, ಪ್ರಿಂಟರ್, ಲಾಗಿನ್ ಎಲ್ಲವನ್ನೂ ಎಬ್ಬಿಸುವವನು ಅವನೇ. ಈಚೆಗೆ ನಮ್ಮ ಯುವಕೂಟದ ಹಳೆಯ ಕಂಪ್ಯೂಟರನ್ನು ಡೆಬಿಯನ್‌ನಿಂದ ದೇವುವಾನ್‌ಗೆ ಬದಲಿಸಿದೆವು. ಆ ಕೆಲಸಕ್ಕಿಂತ ಅದರ ಹಿಂದಿನ ಇತಿಹಾಸವೇ ನಮ್ಮನ್ನು ಹೆಚ್ಚು ಹಿಡಿದುಕೊಂಡಿತು.

ಹಳೆಯ ಇನಿಟ್‌ನ ಮಾದರಿ 1983ರ ಯುನಿಕ್ಸ್ ಸಿಸ್ಟಮ್ ಫೈವ್‌ನದು. ಅದನ್ನೇ ಅನುಸರಿಸಿ ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ಲಿನಕ್ಸ್‌ಗೆ ಸಿಸ್‌ವಿ ಇನಿಟ್ ಬರೆದರು. ಅದು ಸ್ಕ್ರಿಪ್ಟ್‌ಗಳನ್ನು ಸಾಲಾಗಿ, ಒಂದಾದ ಮೇಲೊಂದು ನಡೆಸುತ್ತಿತ್ತು. ಹಾಗೆ ಎದ್ದ ಸೇವೆ ನಡುವೆ ನಿಂತುಹೋದರೆ ಕೇಳುವವರಿರಲಿಲ್ಲ. 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ತಂದರು. ಅದು ಹಲವು ಸೇವೆಗಳನ್ನು ಒಟ್ಟಿಗೆ ಎಬ್ಬಿಸುತ್ತದೆ, ಬಿದ್ದದ್ದನ್ನು ಮತ್ತೆ ನಿಲ್ಲಿಸಬಲ್ಲದು. 2011ರಲ್ಲಿ ಫೆಡೋರಾ 15 ಅದನ್ನು ಒಪ್ಪಿಕೊಂಡಿತು. ಆದರೆ ಲಾಗ್, ಲಾಗಿನ್ ಹೀಗೆ ಒಂದೊಂದೇ ಕೆಲಸ ಅದರ ಕೈಗೆ ಸೇರುತ್ತ ಬಂದಾಗ, ‘ಒಬ್ಬನಿಗೆ ಇಷ್ಟೆಲ್ಲ ಅಧಿಕಾರ ಏಕೆ?’ ಎಂಬ ಪ್ರಶ್ನೆ ಎದ್ದಿತು.

2014ರ ಫೆಬ್ರವರಿಯಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯಲ್ಲಿ ಮತ ಸಮಸಮವಾಯಿತು. ಅಧ್ಯಕ್ಷ ಬ್ಡೇಲ್ ಗಾರ್ಬಿಯವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಜಗಳ ಮಾತ್ರ ಮುಗಿಯಲಿಲ್ಲ. ತನಗೆ ಬಂದ ನಿಂದನೆ, ಬೆದರಿಕೆಗಳ ಬಗ್ಗೆ ಪೊಟರಿಂಗ್ ಬಹಿರಂಗವಾಗಿ ಬರೆಯಬೇಕಾಯಿತು. ನವೆಂಬರ್‌ನಲ್ಲಿ ಸಮಿತಿಯ ಮೂವರು ರಾಜೀನಾಮೆ ಕೊಟ್ಟರು, ಹಳೆಯ ಡೆವಲಪರ್ ಜೋಯಿ ಹೆಸ್ ಡೆಬಿಯನ್ ಬಿಟ್ಟರು. ಅದೇ ತಿಂಗಳು ಸಿಸ್ಟಮ್‌ಡಿ ಬೇಡವೆಂದವರು ದೇವುವಾನ್ ಘೋಷಿಸಿದರು. ಅದರ 1.0 ಆವೃತ್ತಿ ಬಂದದ್ದು 2017ರ ಮೇ ತಿಂಗಳಲ್ಲಿ.

ಇದನ್ನು ಓದುವಾಗ ನಮಗೆ ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯ ನೆನಪಾಯಿತು. ಮಾರ್ಕನನ್ನು ಜೊತೆಗೆ ಕರೆದೊಯ್ಯುವ ವಿಷಯದಲ್ಲಿ ಪೌಲ, ಬಾರ್ನಬರಿಗೆ ತೀವ್ರ ವಾಗ್ವಾದವಾಯಿತು. ಒಬ್ಬರು ಸೈಪ್ರಸ್‌ಗೆ, ಇನ್ನೊಬ್ಬರು ಸಿರಿಯಾ ಕಡೆಗೆ ಹೋದರು. ಆದರೆ ಸುವಾರ್ತೆ ನಿಲ್ಲಲಿಲ್ಲ. ಮುಂದೆ ಅದೇ ಮಾರ್ಕನನ್ನು ಕರೆತರಲು ಪೌಲ ತಿಮೊಥೇಯನಿಗೆ ಬರೆಯುತ್ತಾನೆ.

ದೇವುವಾನ್ ಇಂದಿಗೂ ತನ್ನ ಬಹುಪಾಲು ಪ್ಯಾಕೇಜುಗಳನ್ನು ಡೆಬಿಯನ್‌ನಿಂದಲೇ ಪಡೆಯುತ್ತದೆ. 2019ರಲ್ಲಿ ಡೆಬಿಯನ್ ಮತ್ತೆ ಮತ ಹಾಕಿ, ಸಿಸ್ಟಮ್‌ಡಿಯನ್ನೇ ಉಳಿಸಿಕೊಂಡರೂ ಬೇರೆ ದಾರಿ ಹುಡುಕುವವರಿಗೂ ಬೆಂಬಲವಿದೆ ಎಂದಿತು. ಮನೆ ಬೇರೆಯಾದರೂ ಬಾವಿ ಒಂದೇ.

ನಿಜ ಹೇಳಬೇಕೆಂದರೆ ನಮ್ಮ ಕಂಪ್ಯೂಟರ್ ಬದಲಾವಣೆಯಿಂದ ಹೇಳಿಕೊಳ್ಳುವಷ್ಟು ವೇಗವಾಗಲಿಲ್ಲ. ಪ್ರಿಂಟರ್ ಸೇವೆಯನ್ನು ಎಬ್ಬಿಸುವ ಹೊಸ ಆಜ್ಞೆ ಕಲಿತೆವು, ಅಷ್ಟೇ. ಕಲಿತ ದೊಡ್ಡ ಪಾಠ ಬೇರೆ. ದತ್ತವಾಡದಂಥ ಗಡಿ ಊರಲ್ಲಿ ಹಾಡು ಕನ್ನಡದಲ್ಲೋ ಮರಾಠಿಯಲ್ಲೋ ಎಂಬ ಒಂದು ಮಾತು ಸಾಕು, ಮುಖ ತಿರುಗುತ್ತದೆ. ಕಳೆದ ಕ್ರಿಸ್ಮಸ್ ತಾಲೀಮಿನಲ್ಲಿ ನಾವು ಮತ ಹಾಕಿ ಗೆದ್ದೆವು, ಇಬ್ಬರು ಗೆಳೆಯರನ್ನು ಕಳೆದುಕೊಂಡೆವು. ಮತ ಎಣಿಸಿದೆವೇ ಹೊರತು ಅವರ ಮನೆಗೆ ಹೋಗಲಿಲ್ಲ.

ಈ ಭಾನುವಾರ ಬಲಿಪೂಜೆಯ ನಂತರ ಹೋಗುತ್ತೇವೆ. ಜೊತೆಗೆ ಬರುವವರು ಬನ್ನಿ.